ಬಾಯಿ ತೆರೆಯುತ್ತಿಲ್ಲ ಅಂದರೆ ಎಲ್ಲವೂ ಗುಟ್ಕಾ ಅಲ್ಲ

ಹುಬ್ಬಳ್ಳಿ-ಧಾರವಾಡದಲ್ಲಿ ದಂತ ವೈದ್ಯರ ಮುಂದೆ ಕೂತು "ಬಾಯಿ ಪೂರ್ತಿ ತೆರಿಯಾಕ ಬರವಲ್ದ್ರೀ" ಅಂದರೆ, ಮೊದಲು ಬರುವ ಪ್ರಶ್ನೆ ಬಹುತೇಕ ಒಂದೇ: "ಗುಟ್ಕಾ ತಿಂತೀರೇನ್ರಿ?" ಹಾಗೆ ಕೇಳುವುದರಲ್ಲಿ ತಪ್ಪಿಲ್ಲ. ನಮ್ಮ ಕಡೆ ಬಾಯಿ ಬಿಗಿಯುವ ಕಾಯಿಲೆ ಅಂದರೆ ಅಡಿಕೆ, ಗುಟ್ಕಾದಿಂದ ಬರುವ ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್ ಮೊದಲು ನೆನಪಾಗುತ್ತದೆ. ರಾಜ್ಯ ಸರ್ಕಾರ 2013ರಲ್ಲೇ ಗುಟ್ಕಾ ನಿಷೇಧಿಸಿತು. ಆಮೇಲೆ ಪಾನ್ ಮಸಾಲ ಒಂದು ಪೊಟ್ಟಣದಲ್ಲಿ, ತಂಬಾಕು ಇನ್ನೊಂದು ಪೊಟ್ಟಣದಲ್ಲಿ ಬಂತು. ಪಾನ್ ಅಂಗಡಿ ಮುಂದೆ ಎರಡೂ ಅಕ್ಕಪಕ್ಕ ತೂಗಾಡುತ್ತವೆ. ನಿಷೇಧ ಏನಾಯಿತು ಅಂತ ಬೇರೆ ಹೇಳಬೇಕಿಲ್ಲ.

ಆದರೆ ಎದುರಿಗೆ ಕೂತವರು ಎಲೆ ಅಡಿಕೆಯನ್ನೂ ಮುಟ್ಟದ, ನಲವತ್ತರ ಆಸುಪಾಸಿನ ಹೆಣ್ಣುಮಗಳು ಅಂದುಕೊಳ್ಳಿ. ಗದಗ ಕಡೆಯ ಒಂದು ಹಳ್ಳಿಯವರು. ಗಂಡ, ಅತ್ತೆ ಪಕ್ಕದಲ್ಲೇ ನಿಂತಿದ್ದಾರೆ. "ಇಲ್ರಿ, ಏನೂ ತಿನ್ನಂಗಿಲ್ರಿ" ಅಂದರೆ ಯಾರೂ ಪೂರ್ತಿ ನಂಬುವುದಿಲ್ಲ. ಮನೆಗೆ ಹೋದ ಮೇಲೂ ಅನುಮಾನ ಉಳಿಯುತ್ತದೆ. ಅವರ ಬೆರಳು ಚಳಿಗೆ ಬಿಳಿಚಿಕೊಳ್ಳುತ್ತವಾ, ಉಂಗುರ ಬಿಗಿಯಾಗಿದೆಯಾ ಅಂತ ಕೇಳುವವರು ಕಡಿಮೆ. ಕೇಳಿದ್ದರೆ ಸಿಸ್ಟಮಿಕ್ ಸ್ಕ್ಲೆರೋಸಿಸ್ ಎಂಬ ಕಾಯಿಲೆಯ ಸುಳಿವು ಸಿಗಬಹುದಿತ್ತು. ಸ್ಕ್ಲೆರೋಡರ್ಮಾ ಅಂತಲೂ ಇದನ್ನು ಕರೆಯುತ್ತಾರೆ.

ಈ ಕಾಯಿಲೆಯಲ್ಲಿ ಬಾಯಿ ಸಣ್ಣದಾಗುವುದಕ್ಕೆ ಮನೆಯಲ್ಲೇ ಮಾಡುವ ಮುಖದ ವ್ಯಾಯಾಮದಿಂದ ಉಪಯೋಗ ಇದೆ. ಖರ್ಚು ಇಲ್ಲವೇ ಇಲ್ಲ ಅನ್ನಬಹುದು. ಹಾಗಿದ್ದರೂ ಅದು ಯಾಕೆ ನಡೆಯುತ್ತಿಲ್ಲ, ನಮ್ಮ ಭಾಗದಲ್ಲಿ ನಡೆಸುವುದು ಯಾಕೆ ಅಷ್ಟು ಕಷ್ಟವಲ್ಲ ಎಂಬುದೇ ಈ ಲೇಖನದ ವಿಷಯ.

ಒಳಗಿನಿಂದ ಬಿಗಿತವೋ, ಹೊರಗಿನಿಂದಲೋ

ನಮ್ಮ ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ದೇಹದ ಮೇಲೆ ತಿರುಗಿ ಬೀಳುವ ಕಾಯಿಲೆಗಳ ಗುಂಪಿಗೆ ಇದೂ ಸೇರುತ್ತದೆ. ಸಣ್ಣ ರಕ್ತನಾಳಗಳು ಹಾಳಾಗುತ್ತವೆ. ಚರ್ಮದ ಜೀವಕೋಶಗಳು ಕೊಲ್ಯಾಜನ್ ಎಂಬ ನಾರಿನಂಥ ವಸ್ತುವನ್ನು ಬೇಕಾದ್ದಕ್ಕಿಂತ ಜಾಸ್ತಿ ತಯಾರಿಸುತ್ತವೆ. ಚರ್ಮ ದಪ್ಪ ಆಗಿ, ಬಿಗಿದು, ಕೆಳಗಿನ ಮಾಂಸಕ್ಕೆ ಅಂಟಿಕೊಂಡ ಹಾಗೆ ಆಗುತ್ತದೆ. ಚಿವುಟಿ ಎತ್ತಲು ಬರುವುದಿಲ್ಲ. ಇದು ಗಂಡಸರಿಗಿಂತ ಹೆಂಗಸರಲ್ಲಿ ಬಹಳ ಜಾಸ್ತಿ. ಸಾಮಾನ್ಯವಾಗಿ 30ರಿಂದ 50 ವರ್ಷದ ನಡುವೆ ಶುರುವಾಗುತ್ತದೆ. ಅಂಟುಜಾಡ್ಯ ಅಲ್ಲ. ಕಲ್ಲಿನ ಧೂಳಿನಲ್ಲಿರುವ ಸಿಲಿಕಾಕ್ಕೂ ಈ ಕಾಯಿಲೆಗೂ ನಂಟಿದೆ ಅಂತ ಗೊತ್ತಿದೆ. ಹಾಗಾಗಿ ಕ್ವಾರಿ, ಕ್ರಷರ್‌ಗಳಲ್ಲಿ ದುಡಿದ ಗಂಡಸರಲ್ಲಿ ಇಂಥ ಲಕ್ಷಣ ಕಂಡರೂ ಇದನ್ನು ನೆನಪಿಸಿಕೊಳ್ಳಬೇಕು.

ಬಹಳಷ್ಟು ಮಂದಿಗೆ ಮೊದಲು ತೊಂದರೆ ಕೊಡುವುದು ಬೆರಳು. ಧಾರವಾಡದ ಡಿಸೆಂಬರ್ ಚಳಿಯಲ್ಲಿ ತಣ್ಣೀರಲ್ಲಿ ಪಾತ್ರೆ ತೊಳೆಯುವಾಗ ಬೆರಳ ತುದಿ ಬಿಳಿಯಾಗುತ್ತದೆ, ನೀಲಿಯಾಗುತ್ತದೆ, ಆಮೇಲೆ ಕೆಂಪಾಗಿ ಉರಿಯುತ್ತದೆ. ಇದಕ್ಕೆ ರೇನಾಡ್ ಅನ್ನುತ್ತಾರೆ. ಬಾಯಿ ಬಿಗಿಯುವ ಹೊತ್ತಿಗೆ ಇದು ಶುರುವಾಗಿ ಎಷ್ಟೋ ವರ್ಷ ಕಳೆದಿರಬಹುದು.

ಮುಖಕ್ಕೆ ಬಂದಾಗ ತುಟಿ ತೆಳುವಾಗುತ್ತದೆ. ಮೂಗು ಚೂಪಾಗುತ್ತದೆ. ಹಣೆಯ ಸುಕ್ಕು ಮಾಯವಾಗುತ್ತದೆ, ಆದರೆ ಬಾಯಿ ಸುತ್ತ ಲಾಡಿ ಎಳೆದ ಎಲೆ ಅಡಿಕೆ ಸಂಚಿಯ ಹಾಗೆ ಗೆರೆಗಳು ಮೂಡುತ್ತವೆ. ಗುಟ್ಕಾದ ಕಾಯಿಲೆಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲೇ ಕಾಣುತ್ತದೆ. ಅಡಿಕೆಯದಾದರೆ ಬಿಗಿತ ಒಳಗೆ. ಕೆನ್ನೆಯ ಒಳಪದರ ಬಿಳಿಚಿರುತ್ತದೆ, ಬೆರಳಿಟ್ಟರೆ ಹಗ್ಗದಂಥ ಪಟ್ಟಿ ಸಿಗುತ್ತದೆ, ಖಾರ ತಿಂದರೆ ಉರಿ. ಕೈಬೆರಳು, ಮುಖದ ಚರ್ಮ ಸರಿಯಾಗೇ ಇರುತ್ತವೆ. ಸ್ಕ್ಲೆರೋಡರ್ಮಾ ಆದರೆ ಬಿಗಿತ ಮುಖ್ಯವಾಗಿ ತುಟಿ, ಕೆನ್ನೆಯ ಹೊರಚರ್ಮದಲ್ಲಿ, ಜೊತೆಗೆ ಬೆರಳುಗಳಲ್ಲಿ. ಬಾಯಿ ನೋಡುವ ಮೊದಲು ಕೈ ನೋಡಿದರೆ ಅರ್ಧ ಕೆಲಸ ಆದಂತೆ. ಎರಡನ್ನೂ ಬೇರೆ ಮಾಡುವುದು ಯಾಕೆ ಮುಖ್ಯ ಅಂದರೆ, ಮೊದಲನೆಯದು ಮುಂದೆ ಬಾಯಿ ಕ್ಯಾನ್ಸರ್‌ಗೆ ತಿರುಗಬಹುದು, ಎರಡನೆಯದು ಶ್ವಾಸಕೋಶ, ಹೃದಯ, ಕಿಡ್ನಿಗೆ ತಗಲಬಹುದು. ಎರಡಕ್ಕೂ ನಿಗಾ ಬೇಕು, ಆದರೆ ನಿಗಾ ಇಡಬೇಕಾದ ಜಾಗ ಬೇರೆ.

ಎರಡು ಬೆರಳಷ್ಟು ಬಾಯಲ್ಲಿ ಬದುಕು

ದೊಡ್ಡವರು ಬಾಯಿ ಪೂರ್ತಿ ತೆರೆದಾಗ ಮೇಲಿನ ಮುಂದಲ್ಲಿನ ಅಂಚಿನಿಂದ ಕೆಳಗಿನ ಮುಂದಲ್ಲಿನ ಅಂಚಿಗೆ ಸಾಮಾನ್ಯವಾಗಿ 40ರಿಂದ 50 ಮಿಲಿಮೀಟರ್ ಜಾಗ ಇರುತ್ತದೆ. ಅದು 30ಕ್ಕೆ ಇಳಿದರೆ ಊಟದ ತಟ್ಟೆಯೇ ಬದಲಾಗುತ್ತದೆ. ಮಿರ್ಚಿ ಭಜಿ ಕಚ್ಚಲು ಆಗುವುದಿಲ್ಲ. ಖಡಕ್ ರೊಟ್ಟಿ ಬಿಟ್ಟೇಬಿಡಬೇಕು. ಬಿಸಿ ರೊಟ್ಟಿಯನ್ನೂ ಚೂರು ಮಾಡಿ ಸಾರಿನಲ್ಲಿ ನೆನೆಸಬೇಕು. ಜೊತೆಗೆ ಬಾಯಿ ಒಣಗುವ ತೊಂದರೆಯೂ ಇದ್ದರೆ ಬ್ಯಾಡಗಿ ಮೆಣಸಿನ ಕೆಂಪು ಚಟ್ನಿ ನಾಲಗೆಗೆ ತಾಗಿಸುವ ಹಾಗೂ ಇಲ್ಲ. ಮದುವೆ ಮನೆಯ ಪಂಕ್ತಿಯಲ್ಲಿ ಕೂತು ಎಲ್ಲರ ಜೊತೆ ಊಟ ಮುಗಿಸುವುದು ಆಗದ ಮಾತು. "ನಂಗ ಹಸಿವಿಲ್ಲ, ನೀವು ಉಣ್ರಿ" ಅನ್ನುವುದು ರೂಢಿಯಾಗುತ್ತದೆ.

ಹಲ್ಲಿನ ಕಥೆ ಇನ್ನೂ ಕಷ್ಟ. ಬ್ರಷ್ ಹಿಂದಿನ ದವಡೆ ಹಲ್ಲಿನ ತನಕ ಹೋಗುವುದಿಲ್ಲ. ಬೆರಳು ಮಡಚಿಕೊಂಡಿದ್ದರೆ ಬ್ರಷ್ ಹಿಡಿಯಲೂ ಆಗದು. ಜೊಲ್ಲು ಕಡಿಮೆ ಇದ್ದರೆ ಹುಳುಕು ಬೇಗ ಹಿಡಿಯುತ್ತದೆ. ಹುಳುಕು ತುಂಬಿಸಲು ಹೋದರೆ ವೈದ್ಯರ ಉಪಕರಣಕ್ಕೆ ಜಾಗ ಇಲ್ಲ. ಕೊನೆಗೆ ಹಲ್ಲು ಕಿತ್ತರೂ ಕಟ್ಟಿಸಿದ ಹಲ್ಲಿನ ಸೆಟ್ಟು ಬಾಯೊಳಗೆ ಹೋಗುವುದಿಲ್ಲ. ಒಂದು ತೊಂದರೆ ಇನ್ನೊಂದನ್ನು ಎಳೆದು ತರುತ್ತದೆ.

ಫ್ರಾನ್ಸಿನ ವೈದ್ಯರು 2007ರಲ್ಲಿ ಈ ಕಷ್ಟವನ್ನು ಅಳೆಯಲೆಂದೇ 12 ಪ್ರಶ್ನೆಗಳ ಪಟ್ಟಿ ಮಾಡಿದರು. ಅಂಕ ಸೊನ್ನೆಯಿಂದ 48ರ ತನಕ. ಊಟ, ಹಲ್ಲು, ಬಾಯಿ ಒಣಗುವುದರ ಜೊತೆಗೆ ನಿಮ್ಮ ಮುಖ ಬದಲಾದದ್ದು ನಿಮ್ಮನ್ನು ಕಾಡುತ್ತದಾ ಅಂತಲೂ ಅದರಲ್ಲಿ ಇದೆ. ನನಗೆ ಇದು ಬಹಳ ಸರಿ ಅನ್ನಿಸಿತು. ನಗಲು ಹೋದರೆ ನಗೆ ಅರ್ಧಕ್ಕೇ ನಿಲ್ಲುವ ಮುಖವನ್ನು ನಮ್ಮೂರ ಜನ "ಸಿಟ್ಟಿನ ಹೆಂಗಸು" ಅಂತ ಓದಿಬಿಡುತ್ತಾರೆ, ಅಲ್ವಾ?

ವ್ಯಾಯಾಮಕ್ಕೆ ಆಧಾರ ಏನು

ಮಾತ್ರೆ, ಇಂಜೆಕ್ಷನ್‌ಗಳು ಕಾಯಿಲೆಯ ವೇಗ ತಗ್ಗಿಸಬಹುದು. ಆದರೆ ಈಗಾಗಲೇ ಸಣ್ಣದಾದ ಬಾಯಿಯನ್ನು ಹಿಗ್ಗಿಸುವ ಮಾತ್ರೆ ಅಂತ ಇಲ್ಲ. ಹಾಗಾಗಿ ಎಳೆಯುವುದು, ಹಿಗ್ಗಿಸುವುದೇ ದಾರಿ.

ಇಟಲಿಯಲ್ಲಿ 2003ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೆ. ಬಾಯಿ 30 ಮಿಲಿಮೀಟರ್ ಅಥವಾ ಅದಕ್ಕಿಂತ ಕಡಿಮೆ ತೆರೆಯುತ್ತಿದ್ದ 10 ರೋಗಿಗಳು 18 ವಾರ ವ್ಯಾಯಾಮ ಮಾಡಿದರು. ಹತ್ತೂ ಮಂದಿಗೆ ಬಾಯಿ ಹಿಗ್ಗಿತು. ಸರಾಸರಿ 10.7 ಮಿಲಿಮೀಟರ್. ಊಟ, ಮಾತು, ಹಲ್ಲುಜ್ಜುವುದು ಸುಲಭವಾಯಿತು ಅಂತ ಅವರೇ ಹೇಳಿದರು. ಕೇಳಲು ಚೆನ್ನಾಗಿದೆ. ಆದರೆ ಹತ್ತೇ ಮಂದಿ, ಹೋಲಿಸಿ ನೋಡಲು ವ್ಯಾಯಾಮ ಮಾಡದ ಇನ್ನೊಂದು ಗುಂಪೂ ಇರಲಿಲ್ಲ.

ಇಟಲಿಯದೇ ಫ್ಲಾರೆನ್ಸ್ ನಗರದಲ್ಲಿ 40 ಮಂದಿಯನ್ನು ಎರಡು ಗುಂಪು ಮಾಡಿ ನೋಡಿದರು. 2011ರ ಮಾತು. ಒಂದು ಗುಂಪಿಗೆ ಮನೆ ವ್ಯಾಯಾಮ ಮಾತ್ರ. ಇನ್ನೊಂದಕ್ಕೆ ಮನೆ ವ್ಯಾಯಾಮದ ಜೊತೆ ಫಿಸಿಯೋಥೆರಪಿಸ್ಟ್ ಕೈಯಿಂದ ಮಸಾಜ್, ಮುಖದ ಸ್ನಾಯುಗಳಿಗೆ ತರಬೇತಿ. ಒಂಬತ್ತು ವಾರದ ಕೊನೆಗೆ ಎರಡೂ ಗುಂಪಿನವರ ಬಾಯಿ ಹಿಗ್ಗಿತ್ತು. ಆಮೇಲೆ ಬಿಟ್ಟು ನೋಡಿದಾಗ, ಥೆರಪಿಸ್ಟ್ ಕೈ ಹಚ್ಚಿದ ಗುಂಪಿನಲ್ಲಿ ಮಾತ್ರ ಆ ಲಾಭ ಉಳಿದಿತ್ತು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಪಾಠ ಕಲಿಸುವುದು ಅಮೆರಿಕದಲ್ಲಿ ನಡೆದ, 2012ರಲ್ಲಿ ಬಂದ ಅಧ್ಯಯನ. 48 ಮಂದಿ. ಚೀಟಿ ಎತ್ತಿದ ಹಾಗೆ ಎರಡು ಗುಂಪು. ಒಂದು ಗುಂಪು ಮನೆಯಲ್ಲಿ ದಿನವೂ ವ್ಯಾಯಾಮ ಮಾಡಬೇಕು, ಆರು ತಿಂಗಳು. ಮೂರು ತಿಂಗಳಿಗೆ ನೋಡಿದರೆ ವ್ಯಾಯಾಮದ ಗುಂಪು ಮುಂದಿತ್ತು. ಆರು ತಿಂಗಳಿಗೆ ನೋಡಿದರೆ ಎರಡು ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಇದಕ್ಕೆ ಒಂದು ಕಾರಣ ಇರಬಹುದು: ಹೇಳಿದಷ್ಟು ವ್ಯಾಯಾಮದಲ್ಲಿ ಅವರು ಮಾಡಿದ್ದು ಅರ್ಧಕ್ಕಿಂತ ತುಸು ಕಡಿಮೆ.

ಇದನ್ನು ಓದಿ "ವ್ಯಾಯಾಮ ಉಪಯೋಗ ಇಲ್ಲ" ಅನ್ನುವವರಿದ್ದಾರೆ. ನಾನು ಹಾಗೆ ಓದುವುದಿಲ್ಲ. ಮೂರನೇ ತಿಂಗಳ ತನಕ ಆದ ಲಾಭ ಸುಳ್ಳಲ್ಲ. ಕಾಯಿಲೆ ಬಿಗಿಯುತ್ತಲೇ ಇರುತ್ತದೆ, ನಾವು ಎಳೆಯುವುದನ್ನು ಬಿಟ್ಟ ದಿನದಿಂದ ಅದು ಗೆಲ್ಲುತ್ತದೆ. ಯಾವ ವ್ಯಾಯಾಮ ಒಳ್ಳೆಯದು ಎಂಬ ಚರ್ಚೆಗಿಂತ, ನಾಲ್ಕನೇ ತಿಂಗಳಲ್ಲಿ ಅದನ್ನು ಮಾಡಿಸುವವರು ಯಾರು ಎಂಬ ಪ್ರಶ್ನೆ ದೊಡ್ಡದು.

ಮಾಡುವುದು ಹೇಗೆ

ಮೊದಲು ಮುಖ ಬೆಚ್ಚಗಾಗಬೇಕು. ಸ್ನಾನ ಆದ ಕೂಡಲೇ ಮಾಡುವುದು ಒಳ್ಳೆಯದು. ಇಲ್ಲವಾದರೆ ಉಗುರುಬೆಚ್ಚಗಿನ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಕೆನ್ನೆ, ತುಟಿ ಮೇಲೆ ಸ್ವಲ್ಪ ಹೊತ್ತು ಇಟ್ಟುಕೊಳ್ಳಬೇಕು. ತುಟಿಗೆ ಕೊಬ್ಬರಿ ಎಣ್ಣೆಯೋ ವ್ಯಾಸಲೀನೋ ಸವರಬೇಕು. ಒಣ ತುಟಿಯನ್ನು ಎಳೆದರೆ ಸೀಳುತ್ತದೆ.

ಆಮೇಲೆ ಕನ್ನಡಿ ಮುಂದೆ ಕೂತು ಸ್ವರಾಕ್ಷರ ಹೇಳಬಹುದು, ಆದರೆ ನಾಟಕದವರ ಹಾಗೆ ದೊಡ್ಡದಾಗಿ. "ಆ" ಅಂದರೆ ದವಡೆ ಪೂರ್ತಿ ಕೆಳಗೆ. "ಈ" ಅಂದರೆ ತುಟಿಯ ಎರಡೂ ಮೂಲೆ ಕಿವಿಯ ಕಡೆಗೆ. "ಊ" ಅಂದರೆ ತುಟಿ ಮುಂದಕ್ಕೆ, ಸೀಟಿ ಹೊಡೆಯುವ ಹಾಗೆ. ಪ್ರತಿಯೊಂದನ್ನೂ ಐದರಿಂದ ಹತ್ತು ಎಣಿಸುವ ತನಕ ಹಿಡಿದಿಡಬೇಕು. ಕೆನ್ನೆ ಉಬ್ಬಿಸುವುದು, ದವಡೆಯನ್ನು ಎಡಕ್ಕೆ ಬಲಕ್ಕೆ ಸರಿಸುವುದು, ನಾಲಗೆ ಹೊರಗೆ ಚಾಚುವುದು ಇದರ ಜೊತೆಗೆ. ಮಾಡುವಾಗ ಸ್ವಲ್ಪ ನಾಚಿಕೆ ಆಗುತ್ತದೆ. ಮೊಮ್ಮಕ್ಕಳು ಇರುವ ಮನೆಯಲ್ಲಿ ಅವರನ್ನೇ ಎದುರಿಗೆ ಕೂರಿಸಿಕೊಂಡರೆ ನಾಚಿಕೆ ಹೋಗುತ್ತದೆ, ಎಣಿಸುವ ಕೆಲಸವೂ ಅವರದೇ ಆಗುತ್ತದೆ.

ಇನ್ನೊಂದು ಕೈಯಿಂದ ಎಳೆಯುವುದು. ಬಲಗೈ ಹೆಬ್ಬೆರಳು ಬಾಯಿಯ ಎಡಮೂಲೆಗೆ, ಎಡಗೈ ಹೆಬ್ಬೆರಳು ಬಲಮೂಲೆಗೆ ಇಟ್ಟು ನಿಧಾನವಾಗಿ ಹೊರಕ್ಕೆ ಎಳೆಯಬೇಕು. ಹಿಗ್ಗಿದ್ದು ಗೊತ್ತಾಗಬೇಕು, ನೋವು ಆಗಬಾರದು. ಉಗುರು ಕತ್ತರಿಸಿ, ಕೈ ತೊಳೆದಿರಬೇಕು. ಬೆರಳ ತುದಿಯಲ್ಲಿ ಹುಣ್ಣಿದ್ದರೆ, ಹೆಬ್ಬೆರಳು ಮಡಚಿದ್ದರೆ ಇದನ್ನು ಮಾಡಬೇಡಿ. ಮನೆಯವರು ಗ್ಲೌಸ್ ಹಾಕಿಕೊಂಡು ಮಾಡಬಹುದು, ಆದರೆ ಥೆರಪಿಸ್ಟ್ ಒಮ್ಮೆ ಮಾಡಿ ತೋರಿಸಿದ ಮೇಲೆ ಮಾತ್ರ.

ಮೂರನೆಯದು ಕಡ್ಡಿಯ ವ್ಯಾಯಾಮ. ವೈದ್ಯರು ನಾಲಗೆ ಒತ್ತಿ ನೋಡುವ ಚಪ್ಪಟೆ ಮರದ ಕಡ್ಡಿ, ಇಲ್ಲವೇ ಹೊಸ ಐಸ್‌ಕ್ರೀಮ್ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಮೇಲಿನ ಕೆಳಗಿನ ಹಲ್ಲುಗಳ ನಡುವೆ, ಪಕ್ಕಕ್ಕೆ, ದವಡೆ ಹಲ್ಲಿನ ಕಡೆ ಇಡುವುದು. ಎಷ್ಟು ಕಡ್ಡಿ ಆರಾಮವಾಗಿ ಹಿಡಿಸುತ್ತವೋ ಅಲ್ಲಿಂದ ಶುರು. ವಾರಗಳು ಕಳೆದಂತೆ ಒಂದೊಂದೇ ಸೇರಿಸುವುದು. ಗುಟ್ಕಾ ರೋಗಿಗಳಿಗೂ ನಮ್ಮ ದಂತ ವೈದ್ಯರು ಹೇಳಿಕೊಡುವುದು ಇಂಥದ್ದನ್ನೇ. ಮುಂದಲ್ಲಿನ ಮೇಲೆ ಭಾರ ಹಾಕಬಾರದು, ಅಲುಗಾಡುವ ಹಲ್ಲಿದ್ದರೆ ಕಡ್ಡಿ ಬೇಡ.

ಇಲ್ಲೊಂದು ಎಚ್ಚರಿಕೆ ಬೇಕು. ಈ ಕಾಯಿಲೆಯಲ್ಲಿ ಕೆಲವರಿಗೆ ಕೆಳದವಡೆಯ ಮೂಳೆ, ಅದರಲ್ಲೂ ಕಿವಿಯ ಕೆಳಗಿನ ಮೂಲೆಯ ಭಾಗ, ಸವೆದಿರುತ್ತದೆ. ಹೊರಗೆ ಏನೂ ಗೊತ್ತಾಗುವುದಿಲ್ಲ. ಅಂಥವರು ಜೋರು ಮಾಡಿ ದವಡೆ ತೆರೆದರೆ ಮೂಳೆ ಬಿರುಕು ಬಿಡುವ ಭಯ ಇದೆ. ಅದಕ್ಕೇ ಕಡ್ಡಿ ಹಿಡಿಯುವ ಮೊದಲು ಪೂರ್ತಿ ದವಡೆಯ ಎಕ್ಸ್‌ರೇ ತೆಗೆಸಿಕೊಳ್ಳುವುದು ಜಾಣತನ. ಯೂಟ್ಯೂಬ್ ನೋಡಿ ನೇರವಾಗಿ ಶುರು ಮಾಡುವವರಿಗೆ ಈ ಮಾತು ಯಾರೂ ಹೇಳಿರುವುದಿಲ್ಲ. ಒತ್ತಿದ ನೋವು ಮರುದಿನವೂ ಇದ್ದರೆ, ದವಡೆ ಕೀಲು ಹಿಡಿದುಕೊಂಡರೆ, ನಿಲ್ಲಿಸಿ ತೋರಿಸಬೇಕು.

ನಾಲ್ಕನೇ ತಿಂಗಳ ಸಮಸ್ಯೆ

ಈಗ ನಮ್ಮೂರಿಗೆ ಬರೋಣ. ಗದಗದಿಂದ ಹುಬ್ಬಳ್ಳಿಗೆ ಸುಮಾರು 60 ಕಿಲೋಮೀಟರ್. ಹಾವೇರಿಯಿಂದ ಇನ್ನೂ ಸ್ವಲ್ಪ ಜಾಸ್ತಿ. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನ ಟಿಕೆಟ್ ಖರ್ಚಿಲ್ಲ. ಇದು ಸಣ್ಣ ಸಹಾಯವಲ್ಲ. ಆದರೆ ಜೊತೆಗೆ ಬರುವ ಗಂಡಸಿಗೆ ಟಿಕೆಟ್ ಇದೆ, ಒಂದು ದಿನದ ಕೂಲಿ ಹೋಗುತ್ತದೆ, ಬಿತ್ತನೆ-ಸುಗ್ಗಿ ಕಾಲದಲ್ಲಿ ಹೊಲ ಬಿಟ್ಟು ಬರಲು ಆಗುವುದಿಲ್ಲ. ಇಷ್ಟೆಲ್ಲ ಮಾಡಿ ಬಂದವರಿಗೆ ದೊಡ್ಡ ಡಾಕ್ಟರ ಹತ್ತಿರ ಸಿಗುವುದು ಕೆಲವೇ ನಿಮಿಷ. ಅಷ್ಟರಲ್ಲಿ ಶ್ವಾಸಕೋಶದ ಸ್ಕ್ಯಾನ್, ಬಿಪಿ, ರಕ್ತ ಪರೀಕ್ಷೆ, ಮಾತ್ರೆ ಎಲ್ಲ ಆಗಬೇಕು. ಬಾಯಿಯ ಮಾತು ಕೊನೆಗೆ ಬರುತ್ತದೆ: "ಬಾಯಿದು ಎಕ್ಸರ್ಸೈಜ್ ಮಾಡ್ರಿ." ಯಾವುದು, ಎಷ್ಟು ಹೊತ್ತು, ಎಷ್ಟು ದಿನ ಅಂತ ಹೇಳುವವರಿಲ್ಲ. ಡಾಕ್ಟರನ್ನು ಬೈದು ಉಪಯೋಗವಿಲ್ಲ. ಜೀವಕ್ಕೆ ಅಪಾಯ ತರುವುದು ಶ್ವಾಸಕೋಶ ಮತ್ತು ಕಿಡ್ನಿ, ಅವರು ಅದನ್ನೇ ಮೊದಲು ನೋಡಬೇಕು.

ಫಿಸಿಯೋಥೆರಪಿ ಅಂದರೆ ನಮ್ಮಲ್ಲಿ ಮೊಣಕಾಲು, ಸೊಂಟ, ಲಕ್ವ. ಮುಖಕ್ಕೂ ಫಿಸಿಯೋಥೆರಪಿ ಉಂಟು ಅಂತ ರೋಗಿಗೂ ಗೊತ್ತಿಲ್ಲ, ಕಳಿಸುವವರೂ ಕಡಿಮೆ.

ಆದರೆ ಬಾಯಿ ಅಳೆದು, ವ್ಯಾಯಾಮ ಹೇಳಿಕೊಟ್ಟು, ಮುಂದಿನ ಸಲ ಮತ್ತೆ ಅಳೆದು ನೋಡುವ ಕೆಲಸ ಈ ಭಾಗಕ್ಕೆ ಹೊಸದೇ? ಖಂಡಿತ ಅಲ್ಲ. ಧಾರವಾಡದ ಸತ್ತೂರಿನಲ್ಲಿರುವ ಎಸ್‌ಡಿಎಂನಂಥ ದಂತ ಕಾಲೇಜುಗಳಲ್ಲಿ ಗುಟ್ಕಾ ರೋಗಿಗಳ ಬಾಯಿ ಅಳೆಯುವುದು ವಿದ್ಯಾರ್ಥಿಗಳು ಕಲಿಯುವ ಮಾಮೂಲಿ ಪಾಠ. ಗುಟ್ಕಾ ನಮಗೆ ಕೊಟ್ಟ ದುಃಖದ ಜೊತೆ ಈ ಒಂದು ಕೌಶಲವನ್ನೂ ಕೊಟ್ಟಿದೆ ಅನ್ನಬೇಕು. ಸ್ಕ್ಲೆರೋಡರ್ಮಾ ರೋಗಿ ಮಾತ್ರ ಆ ಬಾಗಿಲಿಗೆ ಬರುವುದೇ ಇಲ್ಲ. ಅವರು ಚರ್ಮ ರೋಗದ ವಿಭಾಗದಲ್ಲೋ, ಮೆಡಿಸಿನ್ ವಿಭಾಗದಲ್ಲೋ, ಕೀಲು-ವಾತದ ತಜ್ಞರಾದ ರುಮಟಾಲಜಿಸ್ಟ್ ಹತ್ತಿರವೋ ಇರುತ್ತಾರೆ. ಎರಡು ವಿಭಾಗಗಳ ನಡುವೆ ಒಂದು ಚೀಟಿ ಓಡಾಡಿದರೆ ಸಾಕು: "ಬಾಯಿ ಅಳತೆ, ದವಡೆಯ ಎಕ್ಸ್‌ರೇ, ಹಲ್ಲಿನ ಆರೈಕೆ, ವ್ಯಾಯಾಮ ಕಲಿಸಿ." ಹೊಸ ಯಂತ್ರ ಬೇಡ, ಹೊಸ ಹುದ್ದೆ ಬೇಡ.

ಗುಟ್ಕಾ ಕ್ಲಿನಿಕ್‌ನ ಒಂದು ಅಭ್ಯಾಸವನ್ನು ಮಾತ್ರ ಹಾಗೇ ಎತ್ತಿಕೊಳ್ಳಬಾರದು. ಅಲ್ಲಿ ರೋಗಿಯ ಮೂರು ಬೆರಳನ್ನು ನಿಲ್ಲಿಸಿ ಬಾಯೊಳಗೆ ಹೋಗುತ್ತವಾ ನೋಡುತ್ತಾರೆ. ಸುಲಭ, ಎಲ್ಲಿ ಬೇಕಾದರೂ ಮಾಡಬಹುದು. ಸ್ಕ್ಲೆರೋಡರ್ಮಾದಲ್ಲಿ ಬೆರಳೇ ಊದಿರುತ್ತವೆ, ಇಲ್ಲವೇ ಸವೆದು ಸಣ್ಣಗಾಗಿರುತ್ತವೆ, ಮಡಚಿಕೊಂಡಿರುತ್ತವೆ. ಅಳತೆಗೋಲೇ ಬದಲಾಗುತ್ತಿದ್ದರೆ ಅಳತೆ ಎಲ್ಲಿ ಸರಿ ಬರುತ್ತದೆ? ಮಕ್ಕಳ ಕಂಪಾಸ್ ಬಾಕ್ಸಿನ ಪ್ಲಾಸ್ಟಿಕ್ ಸ್ಕೇಲು ತೊಳೆದು ಬಳಸುವುದು ವಾಸಿ. ಸ್ಕೇಲಿನ ಸೊನ್ನೆ ಅಂಚಿನಿಂದ ಶುರುವಾಗುವುದಿಲ್ಲ, ಅಷ್ಟು ಗಮನ ಇರಲಿ. ತಿಂಗಳಿಗೊಮ್ಮೆ, ಒಂದೇ ಹೊತ್ತಿನಲ್ಲಿ, ಒಂದೇ ಹಲ್ಲಿನಿಂದ ಅಳೆದು ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಬರೆಯಬಹುದು. ದಿನವೂ ಅಳೆದರೆ ಸುಮ್ನೆ ಬೇಜಾರು. ಎರಡು-ಮೂರು ಮಿಲಿಮೀಟರ್ ಕಣ್ಣಿಗೆ ಕಾಣುವುದಿಲ್ಲ, ಬರೆದಿಟ್ಟರೆ ಕಾಣುತ್ತದೆ. ಬಿಟ್ಟುಬಿಡಬೇಕು ಅನ್ನಿಸಿದಾಗ ಆ ಅಂಕಿಯೇ ಹಿಡಿದು ನಿಲ್ಲಿಸುವುದು.

ಫ್ಲಾರೆನ್ಸಿನ ಫಲಿತಾಂಶವೂ ಇಲ್ಲಿ ಕೆಲಸಕ್ಕೆ ಬರುತ್ತದೆ. ಎಲ್ಲರಿಗೂ ವಾರಕ್ಕೆರಡು ಸಲ ಹುಬ್ಬಳ್ಳಿಗೆ ಬಂದು ಮಸಾಜ್ ಮಾಡಿಸಿಕೊಳ್ಳಲು ಆಗದು. ಗದಗ, ಹಾವೇರಿ ಎರಡೂ ಕಡೆ ಈಗ ಸರ್ಕಾರಿ ಮೆಡಿಕಲ್ ಕಾಲೇಜುಗಳಿವೆ. ಹುಬ್ಬಳ್ಳಿಯಲ್ಲಿ ಜನ ಇನ್ನೂ ಕಿಮ್ಸ್ ಅಂತಲೇ ಕರೆಯುವ ಆಸ್ಪತ್ರೆ ಇದೆ. ಮೊದಲ ಎರಡು ತಿಂಗಳು ಹತ್ತಿರದ ಕಡೆ ಕೈ ಹಚ್ಚಿ ಕಲಿಸಿ, ಆಮೇಲೆ ತಿಂಗಳಿಗೊಂದು ವಾಟ್ಸ್ಆಪ್ ವಿಡಿಯೋ ಕರೆಯಲ್ಲಿ ಮಾಡಿಸಿ ನೋಡಿದರೆ ನಾಲ್ಕನೇ ತಿಂಗಳು ದಾಟಬಹುದು ಎಂಬುದು ನನ್ನ ಅಂದಾಜು. ಮನೆಯಲ್ಲಿ ಸೊಸೆಯೋ ಮಗನೋ ಒಬ್ಬರು ಜೊತೆಗೆ ಕಲಿಯಬೇಕು. ರೋಗಿಗೆ ಮಾತ್ರ ಹೇಳಿ ಕಳಿಸಿದರೆ ಕೆಲಸ, ಅಡುಗೆ, ಹೊಲದ ನಡುವೆ ಮೊದಲು ಬಿಟ್ಟುಹೋಗುವುದು ಅವರ ವ್ಯಾಯಾಮದ ಹದಿನೈದು ನಿಮಿಷವೇ.

ವ್ಯಾಯಾಮ ಮಾಡುತ್ತಿದ್ದೇನೆ ಅಂತ ಔಷಧ ಬಿಡುವುದು ಅಪಾಯ. ಬಾಯಿ ಹಿಗ್ಗಿದರೂ ಕಾಯಿಲೆ ಒಳಗೆ ತನ್ನ ದಾರಿಯಲ್ಲಿ ಹೋಗುತ್ತಿರಬಹುದು. ದಮ್ಮು, ಒಣಕೆಮ್ಮು, ಕಾಲು ಊತ, ಇದ್ದಕ್ಕಿದ್ದಂತೆ ಏರಿದ ಬಿಪಿ ಇವನ್ನು ಕಡೆಗಣಿಸಬಾರದು. ಮೈಕೈ ನೋವಿಗೆ ಅಂತ ಊರಲ್ಲಿ ಸಲೀಸಾಗಿ ಸಿಗುವ ಸ್ಟೆರಾಯ್ಡ್ ಮಾತ್ರೆ ಈ ಕಾಯಿಲೆಯವರಿಗೆ ಇನ್ನೂ ಕೆಟ್ಟದ್ದು. ಜಾಸ್ತಿ ಡೋಸು ಕಿಡ್ನಿಯನ್ನೇ ಕೆಡಿಸುವ ತುರ್ತು ಸ್ಥಿತಿಗೆ ತಳ್ಳಬಹುದು.

ಇನ್ನೊಂದು ವಿಷಯ ಬಹಳ ಮಂದಿಗೆ ಹೊಳೆಯುವುದಿಲ್ಲ. ಯಾವುದೇ ಆಪರೇಷನ್ ಇರಲಿ, ಎಂಡೋಸ್ಕೋಪಿ ಇರಲಿ, ಬಾಯಿ ಎಷ್ಟು ತೆರೆಯುತ್ತದೆ ಎಂಬುದನ್ನು ಅರಿವಳಿಕೆ ಕೊಡುವ ಡಾಕ್ಟರಿಗೆ ಮೊದಲೇ ಹೇಳಬೇಕು. ಉಸಿರಿನ ಕೊಳವೆ ಹಾಕುವುದು ಬಾಯಿಯಿಂದಲೇ. ಜಾಗ ಇಲ್ಲ ಅಂತ ಟೇಬಲ್ ಮೇಲೆ ಮಲಗಿಸಿದ ಮೇಲೆ ಗೊತ್ತಾದರೆ ಎಲ್ಲರಿಗೂ ಫಜೀತಿ. ಕ್ಯಾಲೆಂಡರಿನಲ್ಲಿ ಬರೆದ ಕೊನೆಯ ಅಳತೆಯನ್ನು ಫೋನಿನಲ್ಲಿ ಫೋಟೋ ತೆಗೆದು ಆಸ್ಪತ್ರೆಯ ಫೈಲಿನ ಜೊತೆಗೇ ತೋರಿಸಿ.